ಕೀಲ್ಪಾಕ್‌ನಿಂದ ಸ್ಟಾಕ್‌ಹೋಮ್‌ಗೆ ಬಾಣಂತನಕ್ಕೆ: ಒಂದೇ ವೀಸಾದಲ್ಲಿ ಎಷ್ಟು ದೇಶ, 90 ದಿನದ ಲೆಕ್ಕ ಹೇಗೆ?

ಚೆನ್ನೈ: ಮಗಳು ಸ್ಟಾಕ್‌ಹೋಮ್‌ನಲ್ಲಿ, ಹೆರಿಗೆ ದಿನ ಹತ್ತಿರ ಬರುತ್ತಿದೆ. ಮಗ ಕೋಪನ್‌ಹೇಗನ್‌ನಲ್ಲಿ. ಅಮ್ಮನ ತಂಗಿಯ ಮಗ ಹೆಲ್ಸಿಂಕಿ ಪಕ್ಕದ ಎಸ್ಪೂನಲ್ಲಿ. ಅಪ್ಪ, ಅಮ್ಮ ಇರುವುದು ಚೆನ್ನೈನ ಕೀಲ್ಪಾಕ್‌ನಲ್ಲಿ. ಇಂಥದ್ದೊಂದು ಕನ್ನಡ ಕುಟುಂಬ ಇದೆ ಎಂದಿಟ್ಟುಕೊಳ್ಳಿ. ಸ್ಟಾಕ್‌ಹೋಮ್‌ನ ಎರಿಕ್ಸನ್, ಗೋಥೆನ್‌ಬರ್ಗ್‌ನ ವೋಲ್ವೊ, ಎಸ್ಪೂನ ನೋಕಿಯಾ ಕಂಪನಿಗಳ ಹೆಸರು ಬೆಂಗಳೂರು, ಚೆನ್ನೈನ ಎಂಜಿನಿಯರ್‌ಗಳ ಮನೆಗಳಿಗೆ ಹೊಸದೇನಲ್ಲ. ಹಾಗಾಗಿ ಇಂಥ ಮನೆಗಳೂ ಈಗ ಅಪರೂಪವಲ್ಲ.

ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಹೋದ ಮೇಲೆ ಮಗನ ಮನೆಗೂ ಹೋಗಿ ಬರಬೇಕು, ತಂಗಿಯ ಮಗನನ್ನೂ ನೋಡಬೇಕು. ಮೂರು ದೇಶಕ್ಕೆ ಮೂರು ವೀಸಾ ಬೇಕೇ? ಎಷ್ಟು ದಿನ ಇರಬಹುದು? ಮಗು ಎರಡು ವಾರ ತಡವಾಗಿ ಹುಟ್ಟಿದರೆ ಗತಿಯೇನು? ಹೆರಿಗೆಯ ದಿನಾಂಕ ಯಾವ ಕಚೇರಿಗೂ ಕಾಯುವುದಿಲ್ಲ, ಆದ್ದರಿಂದ ಈ ಪ್ರಶ್ನೆಗಳಿಗೆ ಉತ್ತರ ಮೊದಲೇ ಗೊತ್ತಿರುವುದು ಒಳ್ಳೆಯದು.

ಐದು ದೇಶಕ್ಕೂ ಒಂದೇ ವೀಸಾ

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್ ಮತ್ತು ಐಸ್‌ಲೆಂಡ್ ಈ ಐದೂ ನಾರ್ಡಿಕ್ ದೇಶಗಳು 2001ರ ಮಾರ್ಚ್ 25ರಿಂದ ಷೆಂಗೆನ್ ವ್ಯವಸ್ಥೆಯಲ್ಲಿವೆ. ನಾರ್ವೆ ಮತ್ತು ಐಸ್‌ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯರಲ್ಲದಿದ್ದರೂ ಷೆಂಗೆನ್ ಸದಸ್ಯರು. ಪಕ್ಕದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ದಾರಿಯಲ್ಲಿ ಸಿಗುವ ಜರ್ಮನಿ, ನೆದರ್‌ಲೆಂಡ್ಸ್ ಎಲ್ಲವೂ ಇದೇ ಗುಂಪಿನಲ್ಲಿವೆ. ಒಟ್ಟು 29 ದೇಶಗಳು. ಒಂದು ದೇಶ ಕೊಟ್ಟ ಅಲ್ಪಾವಧಿ ವೀಸಾ ಸಾಮಾನ್ಯವಾಗಿ ಉಳಿದ 28ಕ್ಕೂ ನಡೆಯುತ್ತದೆ.

ಆದರೆ ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿ ಇಲ್ಲ. ಸ್ಟಾಕ್‌ಹೋಮ್‌ನಿಂದ ಲಂಡನ್‌ಗೆ ಹೋಗಿ ಅಣ್ಣನ ಮನೆ ನೋಡಿಕೊಂಡು ಮತ್ತೆ ಸ್ಟಾಕ್‌ಹೋಮ್‌ಗೆ ಬರುವುದಾದರೆ ಬ್ರಿಟನ್ ವೀಸಾ ಬೇರೆ ಬೇಕು. ಅಷ್ಟೇ ಅಲ್ಲ, ಷೆಂಗೆನ್ ವೀಸಾ ಕೂಡ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವಂಥದ್ದಾಗಿರಬೇಕು. ಒಂದೇ ಪ್ರವೇಶದ ವೀಸಾ ಇದ್ದವರು ಲಂಡನ್‌ಗೆ ಹೋದರೆ ವಾಪಸ್ ಬರುವ ಬಾಗಿಲು ಮುಚ್ಚಿದಂತೆ. ಡೆನ್ಮಾರ್ಕ್ ಆಡಳಿತದ ಗ್ರೀನ್‌ಲೆಂಡ್, ಫಾರೋ ದ್ವೀಪಗಳು ಮತ್ತು ನಾರ್ವೆಯ ಸ್ವಾಲ್‌ಬಾರ್ಡ್ ಸಹ ಷೆಂಗೆನ್ ಹೊರಗೇ ಉಳಿದಿವೆ.

ಅರ್ಜಿ ಯಾವ ದೇಶಕ್ಕೆ?

ಹೆಚ್ಚು ದಿನ ಎಲ್ಲಿ ಇರುತ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಕೀಲ್ಪಾಕ್‌ನ ದಂಪತಿ ಸ್ಟಾಕ್‌ಹೋಮ್‌ನಲ್ಲಿ 60 ದಿನ, ಕೋಪನ್‌ಹೇಗನ್‌ನಲ್ಲಿ 15 ದಿನ, ಎಸ್ಪೂನಲ್ಲಿ 5 ದಿನ ಇರುವುದಾದರೆ ಅರ್ಜಿ ಸ್ವೀಡನ್‌ಗೆ. ಎಲ್ಲ ಕಡೆ ಸಮನಾದ ದಿನಗಳಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ. ಚೆನ್ನೈನಿಂದ ಫ್ರಾಂಕ್‌ಫರ್ಟ್ ಮೂಲಕ ಹೋದರೆ ಜರ್ಮನಿಗೆ ಅರ್ಜಿ ಹಾಕಬೇಕೇ ಎಂಬುದು ಹಲವರ ಅನುಮಾನ. ಬೇಕಿಲ್ಲ. ವಿಮಾನ ಬದಲಿಸುವ ಊರು ಲೆಕ್ಕಕ್ಕೆ ಬರುವುದಿಲ್ಲ.

ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎಂದಿದ್ದರೂ ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೆ ಹೋಗಬಹುದು. ಬೇಸಿಗೆ ರಜೆಯ ದಿನಗಳಲ್ಲಿ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟ. ಹೆರಿಗೆಯ ದಿನ ಗೊತ್ತಾದ ಕೂಡಲೇ ಕೆಲಸ ಶುರು ಮಾಡುವುದು ಜಾಣತನ.

ಐದೂ ದೇಶಗಳ ರಾಯಭಾರ ಕಚೇರಿ ದೆಹಲಿಯಲ್ಲಿದ್ದರೂ ಅಲ್ಲಿಗೆ ಓಡಬೇಕಿಲ್ಲ. ಚೆನ್ನೈನ ವಿಎಫ್‌ಎಸ್ ಕೇಂದ್ರದಲ್ಲೇ ಕಾಗದಪತ್ರ, ಬೆರಳಚ್ಚು ಕೊಡಬಹುದು. 2024ರ ಜೂನ್ 11ರಿಂದ ವೀಸಾ ಶುಲ್ಕ ವಯಸ್ಕರಿಗೆ 90 ಯೂರೊ. ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ಕಡತದಲ್ಲಿ ಇರುತ್ತದೆ.

90 ದಿನ ಎಂದರೆ ಮೂರು ತಿಂಗಳಲ್ಲ

ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು ಎಂಬುದು ನಿಯಮ. ಇದು ದೇಶಕ್ಕೊಂದರಂತೆ ಸಿಗುವ 90 ದಿನವಲ್ಲ. ಎಲ್ಲ 29 ದೇಶಗಳಿಗೂ ಸೇರಿ 90. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ.

ಅಮ್ಮ ಜೂನ್ 1ರಂದು ಇಳಿದರು ಎಂದಿಟ್ಟುಕೊಳ್ಳಿ. ಜೂನ್‌ನಲ್ಲಿ 30, ಜುಲೈನಲ್ಲಿ 31, ಅಲ್ಲಿಗೆ 61 ದಿನ. ಉಳಿದ 29 ದಿನ ಸೇರಿಸಿದರೆ ಆಗಸ್ಟ್ 29ಕ್ಕೆ 90 ತುಂಬಿತು. ಆಗಸ್ಟ್ 31ರವರೆಗೆ ಮೂರು ತಿಂಗಳು ಎಂದು ಲೆಕ್ಕ ಹಾಕಿ ಟಿಕೆಟ್ ಮಾಡಿಸಿದರೆ ಎರಡು ದಿನ ಹೆಚ್ಚಾಗುತ್ತದೆ. ಪೂರ್ತಿ 90 ದಿನ ಇದ್ದು ಬಂದವರು ಮತ್ತೆ ಹೋಗಲು ನವೆಂಬರ್ 28ರವರೆಗೆ ಕಾಯಬೇಕು.

ವೀಸಾ ಚೀಟಿಯಲ್ಲಿ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಓದಬೇಕು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವೀಸಾ ಚಾಲ್ತಿಯಲ್ಲಿರುತ್ತದೆ ಎಂಬುದು ಒಂದು. ಅದರೊಳಗೆ ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ನಾಲ್ಕು ತಿಂಗಳ ಚಾಲ್ತಿ ಅವಧಿ ಕಂಡು ನಾಲ್ಕು ತಿಂಗಳು ಇರಬಹುದೆಂದುಕೊಂಡರೆ ತಪ್ಪು.

ಇಲ್ಲೇ ಬಾಣಂತನದ ಲೆಕ್ಕಾಚಾರ ಬರುವುದು. ಹೆರಿಗೆಗೆ ಎರಡು ವಾರ ಮೊದಲೇ ಹೋಗಿ, ಮಗು ಒಂದು ವಾರ ತಡವಾಗಿ ಹುಟ್ಟಿದರೆ ಕೈಯಲ್ಲಿ ಉಳಿಯುವುದು ಹತ್ತು ವಾರಕ್ಕೂ ಕಡಿಮೆ. ಮೂರು ತಿಂಗಳ ಬಾಣಂತನ ಪೂರ್ತಿಯಾಗುವುದಿಲ್ಲ. ಅಲ್ಲಿಗೆ ಹೋದ ಮೇಲೆ ವಿಸ್ತರಣೆ ಕೇಳುವುದು ಸುಲಭವಲ್ಲ. ತಡೆಯಲಾಗದ ಅಡಚಣೆ, ಮಾನವೀಯ ಕಾರಣ ಅಥವಾ ಗಂಭೀರ ವೈಯಕ್ತಿಕ ಕಾರಣ ಇದ್ದಾಗ ಮಾತ್ರ ಅದಕ್ಕೆ ಅವಕಾಶ. ಮೊಮ್ಮಗು ಚಿಕ್ಕದು ಎಂಬುದನ್ನು ಅಧಿಕಾರಿಗಳು ಅಂಥ ಕಾರಣವೆಂದು ಒಪ್ಪುತ್ತಾರೆಂದು ನಂಬಿ ಕೂರುವಂತಿಲ್ಲ. ಅವಧಿ ಮೀರಿ ಉಳಿದರೆ ಮುಂದಿನ ವೀಸಾಕ್ಕೇ ಕುತ್ತು, ಪ್ರವೇಶ ನಿಷೇಧವೂ ಬೀಳಬಹುದು.

ಹಾಗಾಗಿ ಹಲವು ಮನೆಗಳು ಸರದಿ ಹಾಕಿಕೊಳ್ಳುತ್ತವೆ. ಮೊದಲು ಅಮ್ಮ, ಅವರು ಹೊರಡುವ ಹೊತ್ತಿಗೆ ಬೀಗಿತ್ತಿ. ಪ್ರತಿಯೊಬ್ಬರ 90 ದಿನವೂ ಪ್ರತ್ಯೇಕ ಆಗಿರುವುದರಿಂದ ಮಗುವಿಗೆ ಸುಮಾರು ಐದು ತಿಂಗಳು ಆಗುವವರೆಗೂ ಯಾರಾದರೊಬ್ಬರು ಜೊತೆಗಿರುತ್ತಾರೆ. 90 ದಿನಕ್ಕಿಂತ ಹೆಚ್ಚು ಇರಲೇಬೇಕಾದವರಿಗೆ ಸ್ವೀಡನ್‌ನಲ್ಲಿ ಭೇಟಿಗೆಂದೇ ಕೊಡುವ ವಾಸದ ಪರವಾನಗಿ ಇದೆ. ಅದು ವೀಸಾ ಅಲ್ಲ, ಹೊರಡುವ ಮೊದಲೇ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಇನಿಷಿಯಲ್ ತರುವ ತಲೆನೋವು

ಮಗಳು ಕೊಡುವ ಆಹ್ವಾನ ಪತ್ರ ಅರ್ಜಿಯ ಮುಖ್ಯ ಕಾಗದ. ಸ್ವೀಡನ್‌ನಲ್ಲಿ ಇದಕ್ಕೆ ನಿಗದಿತ ನಮೂನೆ ಇದೆ. ಜೊತೆಗೆ ಅಲ್ಲಿನ ತೆರಿಗೆ ಇಲಾಖೆ ಕೊಡುವ ಜನಸಂಖ್ಯಾ ನೋಂದಣಿ ಪತ್ರ, ಅಂದರೆ ‘ಪರ್ಸೂನ್‌ಬೆವಿಸ್’ ಬೇಕಾಗುತ್ತದೆ. ಬೇರೆ ದೇಶಗಳ ನಮೂನೆ ಬೇರೆ. ಅರ್ಜಿ ಹಾಕುವ ದೇಶದ ವಲಸೆ ಇಲಾಖೆಯ ಜಾಲತಾಣವನ್ನೇ ನೋಡಿ ಪಟ್ಟಿ ಮಾಡಿಕೊಳ್ಳುವುದು ಸರಿ.

ದಕ್ಷಿಣದವರಿಗೆ ನಿಜವಾದ ತೊಡಕು ಹೆಸರಿನಲ್ಲಿದೆ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಮಗಳ ಜನನ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್ ಇರುತ್ತದೆ. ಅಮ್ಮನ ಹೆಸರಿನ ಮುಂದೆ ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಉಪನಾಮ ಎಂಬ ಅಂಕಣ ಖಾಲಿ. ನಮ್ಮವರಿಗೆ ಇದು ಸಹಜ. ಆದರೆ ಮನೆತನದ ಹೆಸರಿನಿಂದಲೇ ಸಂಬಂಧ ಗುರುತಿಸುವ ಅಧಿಕಾರಿಗೆ ಮೂವರೂ ಅಪರಿಚಿತರಂತೆ ಕಾಣಬಹುದು. ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ, ತಂದೆ ತಾಯಿಯ ಹೆಸರಿರುವ ಮಗಳ ಪಾಸ್‌ಪೋರ್ಟ್‌ನ ಕೊನೆಯ ಪುಟ ಜೊತೆಗಿಟ್ಟು, ಹೆಸರಿನ ವ್ಯತ್ಯಾಸವನ್ನು ನಾಲ್ಕು ಸಾಲಿನಲ್ಲಿ ವಿವರಿಸಿ ಪತ್ರ ಕೊಟ್ಟರೆ ಗೊಂದಲ ಕಡಿಮೆಯಾಗುತ್ತದೆ. ಕನ್ನಡ, ತಮಿಳು ಪ್ರಮಾಣಪತ್ರಗಳಿಗೆ ಇಂಗ್ಲಿಷ್ ಅನುವಾದ ಬೇಕು.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಹಿಂದಿರುಗುವ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ನವೀಕರಣ ಬೇಕಿದ್ದರೆ ಕೀಲ್ಪಾಕ್‌ನವರಿಗೆ ಹತ್ತಿರ ಇರುವುದು ಅಮಿಂಜಿಕರೈನ ಪಾಸ್‌ಪೋರ್ಟ್ ಸೇವಾ ಕೇಂದ್ರ.

ಇದೆಲ್ಲದರ ಹಿಂದೆ ಅಧಿಕಾರಿ ಕೇಳುವ ಪ್ರಶ್ನೆ ಒಂದೇ: ಇವರು ವಾಪಸ್ ಹೋಗುತ್ತಾರೆಯೇ? ಪಿಂಚಣಿ ಪತ್ರ, ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ವಿವರ, ಸ್ವಂತ ಮನೆಯ ತೆರಿಗೆ ರಸೀದಿ ಇದಕ್ಕೆ ಉತ್ತರ. ಅರ್ಜಿಗೆ ಸ್ವಲ್ಪ ಮೊದಲು ಖಾತೆಗೆ ದೊಡ್ಡ ಮೊತ್ತ ತಂದು ತುಂಬಿದರೆ ಅನುಮಾನವೇ ಹೆಚ್ಚು. ವೀಸಾ ಕೈಗೆ ಬರುವ ಮುನ್ನ ಹಣ ಮರಳಿ ಬಾರದ ಟಿಕೆಟ್ ಕೊಳ್ಳಬಾರದು. ಅರ್ಜಿಗೆ ಕಾಯ್ದಿರಿಸಿದ ವಿವರ ಸಾಕು.

ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೊಡುತ್ತಾರೆ, ಮೇಲ್ಮನವಿಗೂ ಅವಕಾಶವಿದೆ. ಕೊರತೆ ಸರಿಪಡಿಸಿ ಹೊಸ ಅರ್ಜಿಯನ್ನೂ ಹಾಕಬಹುದು. ಆದರೆ ಕಟ್ಟಿದ ಶುಲ್ಕ ವಾಪಸಿಲ್ಲ.

ನಿಯಮ ಪಾಲಿಸಿದವರಿಗೆ ಲಾಭವೂ ಇದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆಂದು ಬಂದ ಕ್ರಮದಂತೆ, ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹು ಪ್ರವೇಶ ವೀಸಾ ಸಿಗಬಹುದು. ಅದಾದ ಮೇಲೆ ಐದು ವರ್ಷದ್ದು. ಆಗಲೂ 180ರಲ್ಲಿ 90 ದಿನದ ಮಿತಿ ಹಾಗೆಯೇ ಇರುತ್ತದೆ.

ವಿಮೆಯ ಸಣ್ಣ ಅಕ್ಷರ

ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಅಸ್ವಸ್ಥರನ್ನು ಅಥವಾ ಮೃತದೇಹವನ್ನು ಊರಿಗೆ ತರುವ ವೆಚ್ಚ ಅದರಲ್ಲಿ ಸೇರಿರಬೇಕು. ವೀಸಾಕ್ಕೆ ಇಷ್ಟು ಸಾಕು. ಆದರೆ ಅರವತ್ತು ದಾಟಿದವರಿಗೆ ಇಷ್ಟೇ ನೋಡಿದರೆ ಸಾಲದು. ಮೊದಲೇ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗದಿಂದ ಬರುವ ತೊಂದರೆಯನ್ನು ಅಗ್ಗದ ಪಾಲಿಸಿಗಳು ಹೊರಗಿಡುವುದು ಸಾಮಾನ್ಯ. ನಾರ್ಡಿಕ್ ದೇಶಗಳ ಅಗ್ಗದ ಸರ್ಕಾರಿ ಆರೋಗ್ಯ ಸೇವೆ ಅಲ್ಲಿನ ನಿವಾಸಿಗಳಿಗೆ. ಭೇಟಿಗೆ ಬಂದ ತಂದೆ ತಾಯಿ ಪೂರ್ತಿ ಬಿಲ್ ಕಟ್ಟಬೇಕಾಗಬಹುದು. ಕಾಯಿಲೆಯನ್ನು ಮುಚ್ಚಿಡದೆ, ಅದನ್ನೂ ಒಳಗೊಂಡ ಪಾಲಿಸಿ ಕೊಳ್ಳುವುದೇ ಕ್ಷೇಮ. ಮಾತ್ರೆಗಳು ಮೂಲ ಪೊಟ್ಟಣದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ ಇರಲಿ. ತುರ್ತು ಕರೆಗೆ ಈ ಎಲ್ಲ ದೇಶಗಳಲ್ಲೂ ಒಂದೇ ಸಂಖ್ಯೆ: 112.

ತುಪ್ಪ ಬೇಡ, ತೆಂಗಿನಕಾಯಿ ಆಗಬಹುದು

ಬಾಣಂತಿಗೆಂದು ಮನೆಯ ತುಪ್ಪ ಕಟ್ಟುವುದು ವಾಡಿಕೆ. ಆದರೆ ಹೊರದೇಶದಿಂದ ಹಾಲಿನ ಉತ್ಪನ್ನ ಮತ್ತು ಮಾಂಸವನ್ನು ಸಾಮಾನಿನಲ್ಲಿ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪ, ಪನೀರ್ ಒಯ್ಯುವಂತಿಲ್ಲ. ಹಾಲಿನಿಂದಲೇ ಮಾಡಿದ ಪೇಡವನ್ನೂ ಮನೆಯಲ್ಲೇ ಬಿಡುವುದು ಲೇಸು. ತಾಜಾ ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಂದರೆ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಸಹ ಇಲ್ಲ. ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಸಾರಿನ ಪುಡಿ, ಹುಳಿ ಪುಡಿಯಂಥ ಒಣ ಪುಡಿಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ.

ದುಬೈ ಮೂಲಕ ಹೋಗುವವರು ಗಸಗಸೆ ಕಟ್ಟಲೇಬಾರದು. ಯುಎಇಯಲ್ಲಿ ಅದು ನಿಷೇಧಿತ ವಸ್ತು. ಪಾಯಸದ ಆಸೆ ಜೈಲಿನ ಬಾಗಿಲಿಗೆ ತಂದು ನಿಲ್ಲಿಸಬಹುದು.

ಗಡಿಯಲ್ಲಿ ಏನಾಗುತ್ತದೆ?

ಕೀಲ್ಪಾಕ್‌ನಲ್ಲಿ ಮೆಟ್ರೊ ಹತ್ತಿ ಆಲಂದೂರಿನಲ್ಲಿ ಮಾರ್ಗ ಬದಲಿಸಿದರೆ ವಿಮಾನ ನಿಲ್ದಾಣ. ಅಲ್ಲಿಂದ ಫ್ರಾಂಕ್‌ಫರ್ಟ್ ಮೂಲಕ ಹೋದರೆ ಷೆಂಗೆನ್ ಪ್ರವೇಶದ ತಪಾಸಣೆ ಅಲ್ಲೇ ಮುಗಿಯುತ್ತದೆ. ದುಬೈ, ದೋಹಾ ಮೂಲಕ ಹೋದರೆ ಸ್ಟಾಕ್‌ಹೋಮ್‌ನಲ್ಲಿ.

2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ‘ಇಇಎಸ್’ ವ್ಯವಸ್ಥೆ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಪ್ರವೇಶ ಮತ್ತು ನಿರ್ಗಮನವನ್ನು ಗಣಕದಲ್ಲಿ ದಾಖಲಿಸುತ್ತದೆ. ಮುಖದ ಚಿತ್ರ ತೆಗೆಯುತ್ತಾರೆ, ಬೆರಳಚ್ಚು ಪರಿಶೀಲಿಸುತ್ತಾರೆ. ಮುದ್ರೆ ಮಸುಕಾಗಿದೆ, ಲೆಕ್ಕ ತಪ್ಪಿತು ಎಂಬ ಮಾತಿಗೆ ಇನ್ನು ಜಾಗವಿಲ್ಲ. ಆಹ್ವಾನ ಪತ್ರ, ವಿಮೆ, ವಾಪಸ್ ಟಿಕೆಟ್‌ನ ಪ್ರತಿಗಳು ಕೈಚೀಲದಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸ್‌ನಲ್ಲಲ್ಲ.

ಅಲ್ಲಿಂದ ಮಗನ ಮನೆಗೆ, ತಂಗಿಯ ಮಗನ ಮನೆಗೆ

ಸ್ಟಾಕ್‌ಹೋಮ್‌ನಿಂದ ಕೋಪನ್‌ಹೇಗನ್‌ಗೆ ರೈಲಿನಲ್ಲಿ ಸುಮಾರು ಐದು ಗಂಟೆ. ಕೊನೆಯಲ್ಲಿ ಸಿಗುವುದು 2000ದ ಜುಲೈ 1ರಂದು ತೆರೆದ ಓರೆಸಂಡ್ ದಾರಿ: ಸುಮಾರು 8 ಕಿ.ಮೀ. ಸೇತುವೆ, 4 ಕಿ.ಮೀ. ಕೃತಕ ದ್ವೀಪ, 4 ಕಿ.ಮೀ. ಸಮುದ್ರದಡಿಯ ಸುರಂಗ. ಹೆಲ್ಸಿಂಕಿಗೆ ಸಂಜೆ ಹಡಗು ಹತ್ತಿದರೆ ಬೆಳಗ್ಗೆ ಇಳಿಯಬಹುದು. ವಿಮಾನಕ್ಕಿಂತ ನಿಧಾನವಾದರೂ ಮಲಗಲು ಕೋಣೆ ಸಿಗುವುದರಿಂದ ವಯಸ್ಸಾದವರಿಗೆ ಇದು ಹಗುರ.

ಒಳಗಡಿ ದಾಟಲು ವೀಸಾ ತೋರಿಸಬೇಕಿಲ್ಲ ನಿಜ. ಆದರೆ ಸ್ವೀಡನ್, ಡೆನ್ಮಾರ್ಕ್, ನಾರ್ವೆ ತಾತ್ಕಾಲಿಕ ಗಡಿ ತಪಾಸಣೆಯನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿವೆ. ಓರೆಸಂಡ್ ರೈಲಿನಲ್ಲೂ ಪೊಲೀಸರು ಕೇಳಬಹುದು. ಪಾಸ್‌ಪೋರ್ಟ್ ಮಗಳ ಮನೆಯಲ್ಲಿ ಬಿಟ್ಟು ಹೋಗಬಾರದು.

ಹಣದ ವಿಷಯದಲ್ಲೂ ಎಚ್ಚರ ಬೇಕು. ಫಿನ್‌ಲೆಂಡ್‌ನಲ್ಲಿ ಯೂರೊ ನಡೆಯುತ್ತದೆ. ಸ್ವೀಡನ್, ಡೆನ್ಮಾರ್ಕ್, ನಾರ್ವೆಯದು ಬೇರೆ ಬೇರೆ ಕ್ರೋನ್, ಒಂದರ ನೋಟು ಇನ್ನೊಂದರಲ್ಲಿ ಲೆಕ್ಕಕ್ಕಿಲ್ಲ. ಬಹುತೇಕ ಎಲ್ಲ ಕಡೆ ಕಾರ್ಡ್ ಸಾಕು.

ಯಾವ ಕಾಲ ಒಳ್ಳೆಯದು?

ಹೆರಿಗೆಗೆ ಕಾಲ ಆರಿಸಲಾಗದು. ಬರೀ ಭೇಟಿಯಾದರೆ ಮೇ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹಿತ. ಸ್ಟಾಕ್‌ಹೋಮ್‌ನಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಹುಟ್ಟುವುದು ಮೂರೂವರೆಗೆ. ಸೂರ್ಯಾಸ್ತ ನೋಡಿ ಸಂಧ್ಯಾವಂದನೆ, ಊಟ ಎನ್ನುವವರು ಗಡಿಯಾರವನ್ನೇ ನಂಬಬೇಕು. ಡಿಸೆಂಬರ್‌ನಲ್ಲಿ ಹಗಲು ಸುಮಾರು ಆರೇ ಗಂಟೆ, ಮಧ್ಯಾಹ್ನ ಮೂರಕ್ಕೆ ಕತ್ತಲು. ಚೆನ್ನೈನಲ್ಲಿ ವರ್ಷವಿಡೀ ಹಗಲು ಹನ್ನೊಂದರಿಂದ ಹದಿಮೂರು ಗಂಟೆಯೊಳಗೇ ಇರುತ್ತದೆ. ಅಲ್ಲಿಂದ ಹೋದವರಿಗೆ ಚಳಿಗಿಂತ ಆ ಕತ್ತಲೆಯೇ ಹೆಚ್ಚು ಕಾಡಬಹುದು. ಚಳಿಗಾಲದಲ್ಲಿ ಹೋಗುವವರಿಗೆ ದಪ್ಪ ಕೋಟಿಗಿಂತ ಮಂಜುಗಡ್ಡೆಯ ಮೇಲೆ ಜಾರದ ಬೂಟು ಮುಖ್ಯ. ಅದನ್ನು ಚೆನ್ನೈನಲ್ಲಿ ಹುಡುಕುವುದಕ್ಕಿಂತ ಅಳತೆ ಕಳಿಸಿ ಮಗಳಿಗೇ ತೆಗೆದಿಡಲು ಹೇಳುವುದು ಸುಲಭ.

ಕೊನೆಗೆ ಒಂದು ಸಣ್ಣ ಕೆಲಸ. ಇಳಿದ ದಿನವೇ ಮಗಳ ಮನೆಯ ಕ್ಯಾಲೆಂಡರ್‌ನಲ್ಲಿ 90ನೇ ದಿನಕ್ಕೆ ಗುರುತು ಹಾಕಿ, ಟಿಕೆಟ್ ಅದಕ್ಕಿಂತ ನಾಲ್ಕೈದು ದಿನ ಮೊದಲಿಗೆ ಇರುವಂತೆ ನೋಡಿಕೊಳ್ಳುವುದು. ವಿಮಾನ ರದ್ದಾದರೂ, ಜ್ವರ ಬಂದರೂ ಆ ನಾಲ್ಕೈದು ದಿನ ಕಾಪಾಡುತ್ತವೆ. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ವೀಸಾ ಕೇಳುವಾಗ ಅಧಿಕಾರಿ ಮೊದಲು ನೋಡುವುದು ಹಿಂದಿನ ಸಲ ಹೊರಟ ದಿನಾಂಕವನ್ನೇ.