ಮಂಗಳೂರು–ಬೆಂಗಳೂರು ವಿಮಾನಯಾನ: ಒಂದು ಗಂಟೆಯ ಲೆಕ್ಕ

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಬರುವುದಕ್ಕೆ ಸುಮಾರು ಒಂದು ಗಂಟೆಯ ಕಾಲವು ಸಾಕೆಂದು ವೇಳಾಪಟ್ಟಿಗಳಲ್ಲಿ ಅಚ್ಚಾಗಿರುವುದನ್ನು ವಾಚಕಮಹಾಶಯರು ನೋಡಿಯೇ ಇರುವರು. ಈ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇದನ್ನೇ ನೆಚ್ಚಿ ಮನೆಯಿಂದ ಹೊರಟವನು ಮೋಸಹೋಗುವನೆಂಬುದನ್ನು ಮಾತ್ರ ಹೇಳತಕ್ಕದ್ದಿದೆ.

ಬಜ್ಪೆಯ ನಿಲ್ದಾಣಕ್ಕೂ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೂ ನೇರವಾಗಿ ಗೆರೆಯನ್ನೆಳೆದರೆ ದೂರವು ಸುಮಾರು 306 ಕಿಲೋಮೀಟರು. ಶಿರಾಡಿ ಘಾಟಿಯ ರಸ್ತೆಯಾದರೋ ಊರಿಂದೂರಿಗೆ 350 ಕಿಲೋಮೀಟರಿನಷ್ಟಾಗುವುದು. ಮಳೆಗಾಲದಲ್ಲಿ ಗುಡ್ಡ ಜರಿದು ಆ ದಾರಿಯು ಕಟ್ಟಿಹೋಗುವುದೂ ಹೊಸ ಸಂಗತಿಯಲ್ಲ. ರೈಲುಗಾಡಿಯು ಸುಬ್ರಹ್ಮಣ್ಯ–ಸಕಲೇಶಪುರಗಳ ನಡುವಣ 55 ಕಿಲೋಮೀಟರು ಘಟ್ಟದಲ್ಲಿ 57 ಸುರಂಗಗಳನ್ನು ಹಾಯ್ದು, ಐವತ್ತಡಿಗೆ ಒಂದಡಿಯಂತೆ ಏರುತ್ತ, ತೆವಳಿಕೊಂಡೇ ಬರಬೇಕು.

ಗಂಟೆಗೆ 800 ಕಿಲೋಮೀಟರು ಹಾರಬಲ್ಲ ಜೆಟ್ ವಿಮಾನಕ್ಕೆ ಇಷ್ಟು ದೂರವು ಇಪ್ಪತ್ತಮೂರು ನಿಮಿಷಗಳ ಕೆಲಸವಲ್ಲವೇ ಎಂದು ಕೇಳಬಹುದು. ಅದು ಏರಿ ಮಟ್ಟಸವಾಗುವಷ್ಟರಲ್ಲಿಯೇ ಇಳಿಯುವ ಹೊತ್ತಾಗಿರುವುದು. ಪೂರ್ಣವೇಗದಿಂದ ಓಡುವುದಕ್ಕೆ ಎಡೆಯೇ ಇಲ್ಲ. ಆದಕಾರಣ ಆಕಾಶದಲ್ಲಿ ನಲವತ್ತು ನಲವತ್ತೈದು ನಿಮಿಷಗಳೂ, ನೆಲದಮೇಲೆ ಉರುಳುವುದರಲ್ಲಿ ಮಿಕ್ಕ ಕಾಲವೂ ಕಳೆಯುವುವು. ರೆಕ್ಕೆಗಳಲ್ಲಿ ಪಂಖಗಳು ತಿರುಗುವ ಸಣ್ಣ ವಿಮಾನವು ಇದಕ್ಕಿಂತ ಹತ್ತು ಹದಿನೈದು ನಿಮಿಷ ಮಾತ್ರ ಹೆಚ್ಚಾಗಿ ತೆಗೆದುಕೊಳ್ಳುವುದು.

ಇನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿರಿ. ಪೇಟೆಯಿಂದ ಬಜ್ಪೆಗೆ ಅರ್ಧ ಗಂಟೆ, ತಪಾಸಣೆ, ಕಾಯುವಿಕೆಗಳಿಗೆ ಒಂದೂವರೆ, ಹಾರಾಟಕ್ಕೆ ಒಂದು, ಗಂಟುಮೂಟೆಗಳಿಗೆ ಅರ್ಧ, ದೇವನಹಳ್ಳಿಯಿಂದ ನಗರದ ನಡುವಿಗೆ 35 ಕಿಲೋಮೀಟರು, ವಾಹನಗಳ ನೂಕುನುಗ್ಗಲಲ್ಲಿ ಒಂದೂವರೆ. ಒಟ್ಟು ಐದು ಗಂಟೆ! 2008ನೆಯ ಇಸವಿಯ ಮೇ ತಿಂಗಳವರೆಗೆ ನಗರದೊಳಗಣ ಎಚ್.ಎ.ಎಲ್. ನಿಲ್ದಾಣಕ್ಕೆ ವಿಮಾನಗಳು ಬರುತ್ತಿದ್ದುವು. ಆಗ ಈ ಕೊನೆಯ ಲೆಕ್ಕವು ಇಷ್ಟು ದೊಡ್ಡದಾಗಿರಲಿಲ್ಲ.

ಇದು ವಿಹಾರಾರ್ಥಿಗಳ ತೊಂದರೆ ಮಾತ್ರವಲ್ಲ. ಉಚ್ಚನ್ಯಾಯಾಲಯದ ಪೀಠಗಳು 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ದೊರೆತುವು. ಮಂಗಳೂರಿನ ವ್ಯಾಜ್ಯಗಾರನು ಇಂದಿಗೂ ಬೆಂಗಳೂರಿಗೇ ಬರಬೇಕು. ಹತ್ತೂವರೆಗೆ ಮೊಕದ್ದಮೆಯಿದ್ದವನು ಒಂದು ಗಂಟೆಯ ಪ್ರಯಾಣವೆಂದು ನಂಬಿ ಏಳರ ವಿಮಾನವನ್ನು ಹಿಡಿದರೆ, ಅವನ ಹೆಸರನ್ನು ಕೂಗುವಾಗ ಅವನು ಹೆಬ್ಬಾಳದ ಸೇತುವೆಯ ಮೇಲೆ ನಿಂತಿದ್ದರೂ ಇರಬಹುದು. ಚಳಿಗಾಲದ ಮುಂಜಾವಿನಲ್ಲಿ ದೇವನಹಳ್ಳಿಯಲ್ಲಿಯೂ, ಮಳೆಗಾಲದಲ್ಲಿ ಬಜ್ಪೆಯಲ್ಲಿಯೂ ಮಂಜುಮೋಡಗಳು ಮುಸುಕಿದರಂತೂ ಐದು ಗಂಟೆಯೂ ಸಾಲದು. ಇಷ್ಟಕ್ಕಿಂತ ರಾತ್ರಿಯ ಬಸ್ಸಿನಲ್ಲಿ ಮಲಗಿ ಬಂದವನೇ ಜಾಣನೆನ್ನಿಸುವನು.

ವಿಮಾನದ ವೇಗವನ್ನು ಹೆಚ್ಚಿಸಿ ಪ್ರಯೋಜನವಿಲ್ಲವೆಂಬುದು ಮೇಲಣ ಲೆಕ್ಕದಿಂದಲೇ ಸ್ಪಷ್ಟವಾಗಿದೆ. ಕಾಲವನ್ನು ಉಳಿಸಬೇಕಾದುದು ನೆಲದಮೇಲೆ. ದೇವನಹಳ್ಳಿಯ ನಿಲ್ದಾಣದ ಬಳಿ 2021ರ ಜನವರಿಯಲ್ಲಿ ರೈಲು ನಿಲ್ಲುವ ತಾಣವೊಂದು ತೆರೆಯಿತಷ್ಟೆ. ಅಲ್ಲಿ ನಿಲ್ಲುವ ಗಾಡಿಗಳ ಸಂಖ್ಯೆಯನ್ನು ಹೆಚ್ಚಿಸಿ, ಬೆಳಗಿನ ವಿಮಾನಗಳ ವೇಳೆಗೆ ಅವುಗಳನ್ನು ಹೊಂದಿಸುವುದಾದರೆ, ಹೊಸ ಹಳಿಯೊಂದನ್ನೂ ಹಾಕದೆ ಕರಾವಳಿಯವರಿಗೆ ಮುಕ್ಕಾಲು ಗಂಟೆಯಾದರೂ ಉಳಿದೀತು.