ಹೊಲದ ಸಾಲಿನಲ್ಲಿ ಗಾಂಜಾ: ಕೈಗೆ ಕೋಳ, ತಲೆಗೆ ಕೇಡು



ಮೆಕ್ಕೆಜೋಳ, ಹತ್ತಿ, ಕಬ್ಬಿನ ಸಾಲುಗಳ ನಡುವೆ ನಾಲ್ಕು ಗಾಂಜಾ ಗಿಡ ಹಾಕಿರೆಂದು ಹೇಳುವ ದಲ್ಲಾಳಿಗಳಿದ್ದಾರೆ. ಬೀಜ ತಾವೇ ಕೊಡುತ್ತಾರೆ, ಮಾಲು ತಾವೇ ಒಯ್ಯುವುದಾಗಿ ನಂಬಿಸುತ್ತಾರೆ. ಮಳೆ ಕೈಕೊಟ್ಟು ಸಾಲ ಮೇಲೆ ನಿಂತ ವರ್ಷ ಈ ಮಾತು ಸಿಹಿಯಾಗಿಯೇ ಕೇಳಿಸುತ್ತದೆ. ಆದರೆ ಪೊಲೀಸರು ಬಂದ ದಿನ ಬೀಜ ಕೊಟ್ಟವನು ಊರಿನಲ್ಲಿರುವುದಿಲ್ಲ. ಪಹಣಿಯಲ್ಲಿರುವುದು ನಿಮ್ಮ ಹೆಸರು.

ಕಾಯಿದೆ ಏನು ಹೇಳುತ್ತದೆ?

1985ರ ಮಾದಕ ವಸ್ತು ಕಾಯಿದೆಯ 20ನೇ ಕಲಮಿನಂತೆ, ಪರವಾನಗಿಯಿಲ್ಲದೆ ಗಾಂಜಾ ಬೆಳೆದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಇಷ್ಟು ಗಿಡದವರೆಗೆ ಅಡ್ಡಿಯಿಲ್ಲ ಎಂಬ ವಿನಾಯಿತಿ ಇಲ್ಲ.

ಜಮೀನನ್ನು ಗುತ್ತಿಗೆಗೆ ಕೊಟ್ಟವರೂ ಎಚ್ಚರದಿಂದಿರಬೇಕು. ತನ್ನ ಜಮೀನಿನಲ್ಲಿ ಗಾಂಜಾ ಇರುವುದು ತಿಳಿದೂ ಸುಮ್ಮನಿದ್ದ ಜಮೀನುದಾರ 46ನೇ ಕಲಮಿನಂತೆ ತಪ್ಪಿತಸ್ಥನಾಗುತ್ತಾನೆ. ಆದ್ದರಿಂದ ನೀವು ಹಾಕದ ಗಿಡ ಹೊಲದಲ್ಲಿ ಕಂಡರೆ ಕಿತ್ತು ಬಚ್ಚಿಡಬೇಡಿ. ಊರಿನ ಇಬ್ಬರನ್ನು ಕರೆದು ತೋರಿಸಿ, ಕೂಡಲೇ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ಗುರುತು ಹಿಡಿಯುವುದು ಹೇಗೆ?

ನಾರಿನ ಪುಂಡಿಯ ಎಲೆ ಗಾಂಜಾ ಎಲೆಯನ್ನು ಹೋಲುತ್ತದೆ. ಆದರೆ ಪುಂಡಿಯ ಎಲೆಯ ಸೀಳುಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಹೂವು ದೊಡ್ಡದು, ನಡುವೆ ಕಡುಗೆಂಪು. ಗಾಂಜಾದಲ್ಲಿ ಗರಗಸದಂಚಿನ ಕಿರುಎಲೆಗಳು ಬಿಡಿಬಿಡಿಯಾಗಿರುತ್ತವೆ. ಹೂವು ಹಸಿರು, ಅಂಟು, ಕಟುವಾಸನೆ.

ಮನೆಯ ಹುಡುಗರ ಗತಿ

ಗಾಂಜಾದ ಅಮಲಿಗೆ ಕಾರಣ ಹೆಣ್ಣು ಹೂವಿನ ಅಂಟಿನಲ್ಲಿ ಹೆಚ್ಚಾಗಿರುವ ಟಿ.ಎಚ್.ಸಿ. ಎಂಬ ರಾಸಾಯನಿಕ. "ಸೊಪ್ಪು ತಾನೇ, ಏನಾದೀತು?" ಎನ್ನಬೇಡಿ. ಸೇದಿದವರೆಲ್ಲರಿಗೂ ಹುಚ್ಚು ಹಿಡಿಯುವುದಿಲ್ಲ, ನಿಜ. ಆದರೆ ಎಳೆಯ ವಯಸ್ಸಿನಲ್ಲಿ ಶುರುಮಾಡಿದವರಿಗೆ, ದಿನವೂ ಸೇದುವವರಿಗೆ, ವಂಶದಲ್ಲಿ ಮನೋರೋಗ ಇರುವವರಿಗೆ ಅಪಾಯ ಹೆಚ್ಚು. ಹದಿಹರೆಯದ ಮಿದುಳು ಇನ್ನೂ ಬೆಳೆಯುತ್ತಿರುವ ಪೈರು.

ಈ ಲಕ್ಷಣಗಳನ್ನು ಗಮನಿಸಿ: ರಾತ್ರಿಯಿಡೀ ನಿದ್ದೆಗೇಡು, ಮನೆಯವರ ಮೇಲೆಯೇ ಸಂಶಯ, ಯಾರೋ ಮಾತಾಡಿದಂತೆ ಕೇಳಿಸುವುದು, ತನ್ನಷ್ಟಕ್ಕೆ ಮಾತು ಅಥವಾ ನಗು, ಓದು-ಕೆಲಸದಲ್ಲಿ ನಿರಾಸಕ್ತಿ. ಇದು ಗಾಳಿ ಸೋಕಿದ್ದಲ್ಲ, ಮಾಟವಲ್ಲ. ತಾಯತ ಕಟ್ಟಿಸಿ ತಿಂಗಳುಗಟ್ಟಲೆ ಕಾಯುವುದು ರೋಗ ಬಲಿಯಲು ಬಿಟ್ಟಂತೆ. ಹೊಡೆಯುವುದು, ಕಟ್ಟಿಹಾಕುವುದು ಚಿಕಿತ್ಸೆಯಲ್ಲ.

ಎಲ್ಲಿಗೆ ಹೋಗಬೇಕು?

ಜಿಲ್ಲಾ ಆಸ್ಪತ್ರೆಯ ಮನೋರೋಗ ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಗಾಂಜಾ ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಸಹಜ. ಆಗ ಮನೆಯವರ ತಾಳ್ಮೆಯೇ ಅರ್ಧ ಮದ್ದು.

ಪೊಲೀಸರ ಭಯದಿಂದ ಮಗನ ರೋಗ ಮುಚ್ಚಿಡಬೇಡಿ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿಗೊಳಿಸಿದರೆ, ಅದೇ ಕಾಯಿದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಬೆಳೆದವನಿಗೆ, ಮಾರಿದವನಿಗೆ ಈ ರಕ್ಷಣೆಯಿಲ್ಲ.

ಬೆಳೆಗೆ ಕೀಟ ಬಿದ್ದಾಗ ಮೊದಲ ಎಲೆಯಲ್ಲಿಯೇ ಗುರುತಿಸುವ ನೀವು, ಮನೆಯ ಮಕ್ಕಳ ವಿಷಯದಲ್ಲೂ ಅದೇ ಎಚ್ಚರ ವಹಿಸಿರಿ.