ಗುಟ್ಟು ಬೇರೆ, ಖಾಸಗಿತನ ಬೇರೆ

ಅಂತರ್ಜಾಲ ಸೇವೆ ಒದಗಿಸುವ ಕಂಪನಿಯಲ್ಲಿ ಕೆಲವು ವರ್ಷ ದುಡಿದವನಿಗೆ ಗುಟ್ಟು ಎಂಬುದರಲ್ಲಿ ಹೆಚ್ಚಿನ ನಂಬಿಕೆ ಉಳಿಯುವುದಿಲ್ಲ. ನಿಮ್ಮ ಮೊಬೈಲ್ ಯಾವುದೇ ತಾಣವನ್ನು ತೆರೆಯುವ ಮುನ್ನ ಆ ತಾಣದ ಹೆಸರಿಗೆ ಹೊಂದುವ ಸಂಖ್ಯಾವಿಳಾಸ ಯಾವುದೆಂದು ಒಂದು ಸರ್ವರನ್ನು ವಿಚಾರಿಸುತ್ತದೆ. ಪುಟದೊಳಗೆ ನೀವು ಓದಿದ್ದೇನು, ಬರೆದದ್ದೇನು ಎಂಬುದು ಇತ್ತೀಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಗೂಢಲಿಪಿಯ ಹೊದಿಕೆಯಲ್ಲಿರುತ್ತದೆ; ಆದರೆ ಯಾವ ಬಾಗಿಲು ತಟ್ಟಿದಿರಿ ಎಂಬುದು ಸಾಮಾನ್ಯವಾಗಿ ಬಯಲಲ್ಲೇ ಇರುತ್ತದೆ. ಯಾವ ಗ್ರಾಹಕನಿಗೆ ಯಾವ ಹೊತ್ತಿನಲ್ಲಿ ಯಾವ ವಿಳಾಸ ಕೊಡಲಾಗಿತ್ತು ಎಂಬುದನ್ನಂತೂ ನಾವು ಕಡ್ಡಾಯವಾಗಿ ದಾಖಲಿಸಬೇಕು. ಇದಕ್ಕೆ ಲಾಗ್ ಎನ್ನುತ್ತಾರೆ. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿಯ ಷರತ್ತು ತಿದ್ದಿದ ಮೇಲೆ ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಪಿಡಬೇಕು. ಅವನ್ನು ಯಾರೂ ಕಾಫಿ ಹೀರುತ್ತ ಓದುತ್ತ ಕೂರುವುದಿಲ್ಲ, ಓದುಗರು ಗಾಬರಿಯಾಗಬೇಕಿಲ್ಲ. ಅಧಿಕೃತ ಆದೇಶ ಬಂದಾಗ ಮಾತ್ರ ಹೊರತೆಗೆಯುತ್ತಾರೆ. ಆದರೂ ಅವು ಇರುತ್ತವೆ.

ಇಂಥ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದಿರುವ ನಾನು ಸಲಿಂಗಕಾಮಿ. ಈ ಪದವನ್ನು ಬರೆಯುವಾಗಲೆಲ್ಲ ನನ್ನದೊಂದು ಸಣ್ಣ ತಕರಾರು ಇದ್ದೇ ಇರುತ್ತದೆ. ಹೆಂಡತಿಯೊಡನೆ ಬಾಳುವ ಗಂಡಸನ್ನು ಯಾರೂ ಕಾಮದ ಹೆಸರಿನಲ್ಲಿ ಪರಿಚಯಿಸುವುದಿಲ್ಲ, ಸಂಸಾರಸ್ಥ ಎನ್ನುತ್ತಾರೆ. ನಾನೂ ನನ್ನ ಸಂಗಾತಿಯೂ ಹದಿನಾಲ್ಕು ವರ್ಷಗಳಿಂದ ಮಾಡುತ್ತಿರುವುದು ಸಂಸಾರವನ್ನೇ: ಗ್ಯಾಸ್ ಬುಕ್ ಮಾಡುವುದು, ನೀರಿನ ಟ್ಯಾಂಕರಿಗೆ ಕಾಯುವುದು, ಸಾರಿಗೆ ಹುಣಸೆಹುಳಿ ಹೆಚ್ಚಾಯಿತೆಂದು ಅರ್ಧ ದಿನ ಮಾತು ಬಿಡುವುದು. ಸಲಿಂಗಪ್ರೇಮಿ ಎಂದು ಕೆಲವರು ತಿದ್ದಿ ಬರೆಯುತ್ತಾರೆ. ಒಳ್ಳೆಯ ಮನಸ್ಸಿನ ತಿದ್ದುಪಡಿ. ಬಾಯಿಗೆ ಮಾತ್ರ ಇನ್ನೂ ಹತ್ತಿಲ್ಲ. ನಮ್ಮ ಬದುಕು ಕನ್ನಡದಲ್ಲಿ ಮರ್ಯಾದೆಯಿಂದ ಕಾಣಿಸಿಕೊಂಡದ್ದು ಪಾರಿಭಾಷಿಕ ಪದಗಳ ಮೂಲಕವಲ್ಲ, ಕಥೆಗಳ ಮೂಲಕ. ವಸುಧೇಂದ್ರ ಅವರ 'ಮೋಹನಸ್ವಾಮಿ' ಸಂಕಲನ ಬಂದದ್ದು 2013ರಲ್ಲಿ. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಲೇಖಕರೊಬ್ಬರು ಅದನ್ನು ಬರೆದರೆಂಬುದು ನನ್ನಂಥವರಿಗೆ ಎರಡು ಪಟ್ಟು ಹತ್ತಿರವಾಯಿತು. ಅದೇ ವರ್ಷದ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು, ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿದು, ನಾವು ಜನಸಂಖ್ಯೆಯ ಅತಿ ಚಿಕ್ಕ ಭಾಗ ಮಾತ್ರ ಎಂದು ಹೇಳಿತು.

ಅತಿ ಚಿಕ್ಕ ಭಾಗದವರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ಹೇಗೆಂಬುದು ನಮ್ಮ ಉದ್ಯಮದ ಚರಿತ್ರೆಯಲ್ಲಿ ಬರೆಯದೆ ಉಳಿದ ಅಧ್ಯಾಯ. ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಿಂದ, ವಿಎಸ್ಎನ್ಎಲ್ ಮೂಲಕ. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿ ಸೈಬರ್ ಕೆಫೆಗಳು ತೆರೆದವು. ಪ್ಲೈವುಡ್ಡಿನ ಗೂಡು, ಸದ್ದು ಮಾಡುವ ಫ್ಯಾನು, ಅರ್ಧ ಗಂಟೆಗಿಷ್ಟು ಎಂಬ ಬೋರ್ಡು. ಆ ಗೂಡಿನಲ್ಲಿ ಕುಳಿತು ಯಾಹೂ ಚಾಟ್‌ನಲ್ಲಿ ಮೊದಲ ಬಾರಿಗೆ ನನ್ನಂಥ ಇನ್ನೊಬ್ಬನೊಡನೆ ಮಾತಾಡಿದಾಗ ನನಗೆ ಇಪ್ಪತ್ತೊಂದು. ನಾವು ಆಡಿದ್ದು ಪ್ರೇಮದ ಮಾತಲ್ಲ. ಎಲ್ಲಿ ಕೆಲಸ ಸಿಗಬಹುದು, ಮನೆಯಲ್ಲಿ ಹೆಣ್ಣು ನೋಡಲು ಹೊರಟರೆ ಏನು ಹೇಳುವುದು ಎಂಬ ಮಾತು. 1994ರಿಂದಲೇ ಬೆಂಗಳೂರಿನಲ್ಲಿ 'ಗುಡ್ ಆ್ಯಸ್ ಯು' ಎಂಬ ಬೆಂಬಲ ಗುಂಪು ಇತ್ತೆಂದು ನನಗೆ ತಿಳಿದದ್ದೂ ಅಲ್ಲಿಯೇ. ಅದೇ ಊರಿನಲ್ಲಿ, ಬಸ್ಸಿನ ದೂರದಲ್ಲಿ ಜನ ಕೂಡುತ್ತಿದ್ದರು. ಅಲ್ಲಿಗೆ ಹೋಗುವ ದಾರಿ ನನಗೆ ಸಿಕ್ಕಿದ್ದು ಮಾತ್ರ ಅಮೆರಿಕದ ಯಾವುದೋ ಸರ್ವರನ್ನು ಬಳಸಿಕೊಂಡು.

ಅದೇ ಬಾಗಿಲಿನಿಂದ ಪೊಲೀಸರೂ ಬರಬಹುದು ಎಂಬುದು 2006ರ ಜನವರಿಯಲ್ಲಿ ಗೊತ್ತಾಯಿತು. ಲಖನೌ ಪೊಲೀಸರು ಅಂತರ್ಜಾಲದ ಪರಿಚಯದ ಜಾಡು ಹಿಡಿದು ನಾಲ್ವರನ್ನು 377ನೇ ಕಲಮಿನಡಿ ಬಂಧಿಸಿದರು. ಸುದ್ದಿ ಬಂದ ದಿನ ನಾನು ಪಾಳಿಯಲ್ಲಿದ್ದೆ. ಲಾಗ್ ಎಂದರೇನು ಎಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಅದು ಯಾರ ಕೊರಳಿಗೆ ಸುತ್ತಿಕೊಳ್ಳಬಲ್ಲದು ಎಂಬುದು ಮಾತ್ರ ಆ ಕೋಣೆಯಲ್ಲಿ ಬಹುಶಃ ನನ್ನೊಬ್ಬನಿಗೇ ಹೊಳೆದಿತ್ತು. ಯಾಹೂ ಖಾತೆಯನ್ನು ಅಳಿಸಿಹಾಕಿದೆ. ಅಳಿಸುವುದರಿಂದ ಸರ್ವರಿನ ದಾಖಲೆ ಅಳಿಯುವುದಿಲ್ಲವೆಂದು ತಿಳಿದೂ ಹಾಗೆ ಮಾಡಿದವನು ನಾನೊಬ್ಬನೇ ಆಗಿರಲಾರೆ.

ಗುಟ್ಟು ಮತ್ತು ಖಾಸಗಿತನ ಬೇರೆ ಬೇರೆಯೆಂದು ನಾನು ಯೋಚಿಸತೊಡಗಿದ್ದು ಆ ನಂತರ. ಖಾಸಗಿತನ ನಾನು ಆರಿಸಿಕೊಳ್ಳುವಂಥದ್ದು. ಕದ ಹಾಕಿಕೊಳ್ಳುವ ಹಕ್ಕು ನನ್ನದು. ಬೇಕೆನಿಸಿದಾಗ ತೆರೆಯುವ ಹಕ್ಕೂ ನನ್ನದೇ. ಗುಟ್ಟು ಹಾಗಲ್ಲ. ಅದು ಹೊರಗಿನಿಂದ ಹಾಕಿದ ಚಿಲಕ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ನಮ್ಮಂಥವರ ಪ್ರಶ್ನೆ ಅವರ ಅರ್ಜಿಯ ವಿಷಯವಾಗಿರಲಿಲ್ಲ. ಆದರೂ ಲೈಂಗಿಕ ಒಲವು ವ್ಯಕ್ತಿಯ ಘನತೆಗೆ ಸೇರಿದ್ದು, ಸಂಖ್ಯೆಯಲ್ಲಿ ಕಡಿಮೆ ಎಂಬುದು ಹಕ್ಕನ್ನು ನಿರಾಕರಿಸಲು ಕಾರಣವಾಗದು ಎಂಬ ಮಾತು ಆ ತೀರ್ಪಿನಲ್ಲಿ ಬಂತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಾಯಿತು. ಬ್ರಿಟಿಷರು 1860ರಲ್ಲಿ ಬರೆದ ಕಲಮಿನ ಬಲವನ್ನು ಮುರಿಯುವ ದಾರಿ, ಎಂಬತ್ತು ದಾಟಿದ ಕನ್ನಡಿಗರೊಬ್ಬರು ಬೇರೊಂದು ಕಾರಣಕ್ಕೆ ಹೂಡಿದ ಮೊಕದ್ದಮೆಯ ಮೂಲಕ ಹಾಯ್ದುಹೋಯಿತು. ನಮ್ಮ ಪತ್ರಿಕೆಗಳು ಇದನ್ನು ಇನ್ನಷ್ಟು ಹೇಳಬೇಕಿತ್ತು.

ಚಿಲಕ ತೆಗೆದರೂ ಕದ ತೆರೆದುಕೊಳ್ಳಲಿಲ್ಲ. ಅದಕ್ಕೆ ಕಾರಣ ಕಾನೂನಷ್ಟೇ ಅಲ್ಲ. ಗುಟ್ಟು ಎಂಬುದು ಒಬ್ಬನ ಬಳಿಯೇ ನಿಲ್ಲುವುದಿಲ್ಲ, ಹಂಚಿಹೋಗುತ್ತದೆ. ಅಮ್ಮನಿಗೆ ನಾನು ವಿಷಯ ತಿಳಿಸಿದ್ದು 2015ರಲ್ಲಿ. ಅವಳು ಅಳಲಿಲ್ಲ, ರೇಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ ಚಿಕ್ಕಮ್ಮಂಗೆ ಮಾತ್ರ ಗೊತ್ತಾಗೋದು ಬೇಡ ಕಣೋ" ಎಂದಳು. ಅಂದಿನಿಂದ ನನ್ನ ಗುಟ್ಟು ಅವಳ ಗುಟ್ಟೂ ಆಯಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಹೊತ್ತು ತಿರುಗುವುದು ಸುಲಭ. ತರೀಕೆರೆಯ ಮದುವೆ ಮನೆಯಲ್ಲಿ, ಎರಡನೇ ಪಂಕ್ತಿಯ ಊಟಕ್ಕೆ ಕಾಯುತ್ತ ಕುಳಿತ ಹೆಂಗಸರ ನಡುವೆ ಸುಲಭವಲ್ಲ. "ಅವನಿಗೆ ರಾತ್ರಿ ಪಾಳಿ ಕಣ್ರೀ, ಯಾವ ಹುಡುಗಿ ಒಪ್ತಾಳೆ?" ಎಂದು ಕೆಲವು ವರ್ಷ ಹೇಳಿದಳು. ಆಮೇಲೆ ಜಾತಕದಲ್ಲಿ ಕುಜದೋಷ ಬಂತು. ಅಂಗಡಿಯವನು ಎರಡು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ವಾಪಸು ಕೊಡಲು ನನ್ನನ್ನು ಓಡಿಸುತ್ತಿದ್ದ ಹೆಂಗಸು, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಸುಳ್ಳು ಜೋಡಿಸುವುದನ್ನು ಕಲಿಯಬೇಕಾಯಿತು.

ನನ್ನ ಸಂಗಾತಿ ಧಾರವಾಡದವರು, ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುತ್ತಾರೆ. ಹಬ್ಬಕ್ಕೆ ಅವರನ್ನು ಊರಿಗೆ ಕರೆದೊಯ್ದರೆ ಅಮ್ಮ ಹೋಳಿಗೆಯ ಮೇಲೆ ತುಪ್ಪ ಹಾಕುವಾಗ ಕೈ ಹಿಡಿಯುವುದಿಲ್ಲ. ಅಕ್ಕಪಕ್ಕದವರಿಗೆ ಮಾತ್ರ "ಇವನ ಆಫೀಸಿನೋರು" ಎಂದು ಪರಿಚಯಿಸುತ್ತಾಳೆ. ಹೀಗಾಗಿ ಆ ಬೀದಿಯವರು ನೆಟ್ ನಿಧಾನವೇಕೆ ಎಂದು ಅವರನ್ನು ಕೇಳುತ್ತಾರೆ. ಮೊದಮೊದಲು ತಬ್ಬಿಬ್ಬಾಗುತ್ತಿದ್ದ ಅವರು ಈಗ "ರೌಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಎನ್ನುತ್ತಾರೆ. ಅರ್ಧಕ್ಕರ್ಧ ದೂರುಗಳಿಗೆ ಅದು ಸರಿಯಾದ ಉತ್ತರವೇ.

ಆಫೀಸಿನಲ್ಲಿ ಕಷ್ಟವೆನ್ನುವಂಥದ್ದು ಹೆಚ್ಚೇನಿಲ್ಲ. ಜಾಲದ ಮೇಲೆ ಹಗಲೂ ರಾತ್ರಿ ನಿಗಾ ಇಡುವ ವಿಭಾಗ ನಮ್ಮದು. ದೊಡ್ಡ ಪರದೆಗಳ ಮೇಲೆ ಹಸಿರು ಗೆರೆ ಹರಿಯುತ್ತಿರುತ್ತದೆ, ಕೆಂಪಾದರೆ ಎದ್ದು ಓಡಬೇಕು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾಗಿ ಭಾರತದ ಸಂಪರ್ಕದ ಗಣನೀಯ ಭಾಗ ಕುಸಿದಾಗ ಎರಡು ದಿನ ನಾವು ಮನೆಗೇ ಹೋಗಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆಂಬುದು ಯಾರಿಗೂ ಬೇಕಿರುವುದಿಲ್ಲ. ಬೇಕಾಗುವುದು ಹಬ್ಬದ ಪಾಳಿಯ ಪಟ್ಟಿ ಹಾಕುವಾಗ. "ನಿಮಗೇನ್ ಸಾರ್, ಬ್ಯಾಚುಲರು" ಎಂದು ದೀಪಾವಳಿಯ ರಾತ್ರಿಯನ್ನು ನನ್ನ ಹೆಸರಿಗೆ ಬರೆಯುತ್ತಾರೆ. ಹಾಗೆ ಬರೆಯುವ ಹುಡುಗ ಕೆಟ್ಟವನಲ್ಲ. ಅವನಿಗೆ ಎರಡು ವರ್ಷದ ಮಗಳಿದ್ದಾಳೆ, ಪಟಾಕಿಗೆ ಹೆದರುತ್ತಾಳೆ. ನನ್ನ ಮನೆಯಲ್ಲೂ ಒಬ್ಬರು ದೀಪ ಹಚ್ಚಿ ಕಾಯುತ್ತಾರೆಂದು ಅವನಿಗೆ ತಿಳಿದಿದ್ದರೆ ಪಟ್ಟಿ ಬೇರೆಯಾಗುತ್ತಿತ್ತೇನೋ. ಬ್ಯಾಚುಲರ್ ಎಂಬ ಪದಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ವಿಚಿತ್ರ ಗುಣವಿದೆ. ಇಬ್ಬರು ಗಂಡಸರು ಒಂದು ಮನೆ ಹಿಡಿದರೆ ಇಪ್ಪತ್ತೈದರಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ, ಮದುವೆಯಾಗದ ಗಂಡು-ಹೆಣ್ಣಿಗಿಂತ ನಮಗೇ ಬೇಗ ಮನೆ ಸಿಗುತ್ತದೆ. ನಲವತ್ತು ದಾಟಿದ ಮೇಲೆ ಮಾತ್ರ ಓನರ್ ಬಾಡಿಗೆ ಕರಾರು ನವೀಕರಿಸುವಾಗ ಒಂದು ಕ್ಷಣ ಹೆಚ್ಚು ಹೊತ್ತು ಮುಖ ನೋಡುತ್ತಾರೆ.

ಇವೆಲ್ಲ ಸಹಿಸಬಹುದಾದ ಸಂಗತಿಗಳು. ಆದರೆ 2019ರಲ್ಲಿ, 377ನೇ ಕಲಮು ನಮ್ಮ ಮೇಲಿನಿಂದ ಇಳಿದ ಮರುವರ್ಷ, ಸಂಗಾತಿಗೆ ನಡುರಾತ್ರಿ ಹೊಟ್ಟೆನೋವು ಕಾಣಿಸಿಕೊಂಡು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಖಾಸಗಿ ಆಸ್ಪತ್ರೆ. ಒಪ್ಪಿಗೆಪತ್ರಕ್ಕೆ ಅವರೇ ಸಹಿ ಹಾಕಿದರು; ಹಾಕುವಷ್ಟು ಎಚ್ಚರವಿತ್ತು. ಕೌಂಟರಿನವರಿಗೆ ಅದು ಸಾಲಲಿಲ್ಲ. ಜೊತೆಗಾರರ ಸಹಿಯೂ ಬೇಕು, ಸಂಬಂಧದ ಕಾಲಂ ತುಂಬಬೇಕು. 'ಸ್ನೇಹಿತ' ಎಂದು ಬರೆದೆ. "ಫ್ರೆಂಡ್ ಆಗಲ್ಲ ಸಾರ್, ಬ್ಲಡ್ ರಿಲೇಷನ್ ಯಾರಾದ್ರೂ ಇದಾರಾ?" ಎಂದರು. ಇದ್ದರು, ಅಣ್ಣ, ಧಾರವಾಡದಲ್ಲಿ. ಸಿಕ್ಕ ಬಸ್ಸು ಹತ್ತಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಬಂದು ಅವರು ಸಹಿ ಹಾಕಿದ ಮೇಲೆ ರೋಗಿಯನ್ನು ಒಳಗೆ ಕರೆದೊಯ್ದರು. ಅಪಾಯವೇನೂ ಆಗಲಿಲ್ಲ. ಔಷಧದ ಚೀಟಿ, ಮುಂಗಡ ಹಣ, ಉಪವಾಸವಿದ್ದಾರೆಯೇ ಎಂಬ ಪ್ರಶ್ನೆ, ಪೆನಿಸಿಲಿನ್ ಒಗ್ಗುತ್ತದೆಯೇ ಎಂಬ ಪ್ರಶ್ನೆ, ಇವೆಲ್ಲಕ್ಕೂ ನಾನು ಆಗುತ್ತಿದ್ದೆ. ಆ ಒಂದು ಗೆರೆಗೆ ಮಾತ್ರ ಆಗಲಿಲ್ಲ.

ಆ ಗೆರೆಯ ಪ್ರಶ್ನೆಯೇ 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಮುಂದಿತ್ತು ಎನ್ನಬಹುದು. ಮದುವೆಯಾಗುವುದು ಮೂಲಭೂತ ಹಕ್ಕಲ್ಲವೆಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ಮದುವೆಯಲ್ಲದ ಬೇರೊಂದು ಬಗೆಯ ಮಾನ್ಯತೆಯನ್ನು ಮೂವರು ಒಪ್ಪಲಿಲ್ಲ, ಇಬ್ಬರು ಒಪ್ಪಿದರು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು. ಮದುವೆಯ ಹಕ್ಕನ್ನು ಸಂಸತ್ತು ತೀರ್ಮಾನಿಸಬೇಕೇ, ನ್ಯಾಯಾಲಯವೇ ಎಂಬುದು ಗೌರವದಿಂದ ವಾದಿಸಬಹುದಾದ ವಿಷಯ. ನನಗೆ ವೈಯಕ್ತಿಕವಾಗಿ ಓಲಗ, ಮಂಟಪ, ಅಕ್ಷತೆಗಳ ಆಸೆಯಿಲ್ಲ. ಆದರೆ ಕೋಣೆಯೊಳಗೆ ನಿಮ್ಮಿಷ್ಟದಂತೆ ಬದುಕಿ ಎಂದು ಹೇಳಿದ ಪ್ರಭುತ್ವ, ಆ ಬದುಕನ್ನು ಯಾವ ಪುಸ್ತಕದಲ್ಲೂ ಬರೆದುಕೊಳ್ಳುವುದಿಲ್ಲ ಎಂದರೆ ನಮಗೆ ದಕ್ಕಿದ್ದು ಖಾಸಗಿತನವೋ ಅಥವಾ ಹಳೆಯ ಗುಟ್ಟಿಗೆ ಸಿಕ್ಕ ಪರವಾನಗಿಯೋ? ಸಂಸಾರದ ಬಹುಪಾಲು ನಡೆಯುವುದು ಮನೆಯೊಳಗೆ ನಿಜ. ಅದರ ಪರೀಕ್ಷೆ ನಡೆಯುವುದು ಮಾತ್ರ ಆಸ್ಪತ್ರೆ, ಬ್ಯಾಂಕು, ನೋಂದಣಿ ಕಚೇರಿಗಳಲ್ಲಿ, ಸ್ಮಶಾನದಲ್ಲಿ.

ಆ ತೀರ್ಪಿನ ನಂತರ ಕೇಂದ್ರವು ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು; 2024ರಲ್ಲಿ ಕೆಲವು ಸುತ್ತೋಲೆಗಳು ಹೊರಟವು. ನಮ್ಮಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಆ ವರ್ಷದ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ತಿಳಿಸಿತು. ಹತ್ತಿರದ ಬಂಧುಗಳು ಸಿಗದಿದ್ದಾಗ ಸಂಗಾತಿ ಪಾರ್ಥಿವ ಶರೀರವನ್ನು ಪಡೆಯಬಹುದೆಂದು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಅಡ್ಡಿಯಿಲ್ಲ ಎಂಬ ಪದಗಳನ್ನು ಗಮನಿಸಬೇಕು. ಯಾರಾದರೂ ಇಬ್ಬರು ಜಂಟಿ ಖಾತೆ ತೆರೆಯಲು ಮೊದಲೂ ಅಡ್ಡಿ ಇರಲಿಲ್ಲ. ಆದರೂ ಸುತ್ತೋಲೆಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಅಲ್ಲಿನ ಹುಡುಗಿ ಏನನ್ನೂ ಕೇಳದೆ, ಸಂಬಂಧ ಎಂಬಲ್ಲಿ 'ಇತರೆ' ಆಯ್ದು, ಪ್ಯಾನ್ ಕಾರ್ಡಿನ ಜೆರಾಕ್ಸ್ ಮೇಲೆ ಸಹಿ ಹಾಕಿಸಿಕೊಂಡಳು. ಪ್ರತಿಯನ್ನು ತೋರಿಸುವ ಪ್ರಸಂಗವೇ ಬರಲಿಲ್ಲ. ಹೊರಬಂದು ಇಬ್ಬರೂ ಬೈಟೂ ಕಾಫಿ ಕುಡಿದೆವು.

ಈಗ ನಮ್ಮೆದುರಿಗೆ ಇನ್ನೊಂದು ಅರ್ಜಿ ಇದೆ. ನಾನು ಕೆಲಸ ಮಾಡುವ ಕಂಪನಿ ಈ ವರ್ಷದಿಂದ ನೌಕರರ ಆರೋಗ್ಯ ವಿಮೆಯಲ್ಲಿ ಸಂಗಾತಿಯನ್ನೂ ಸೇರಿಸಬಹುದೆಂದಿದೆ. ಮದುವೆಯ ಪ್ರಮಾಣಪತ್ರ ಬೇಕಿಲ್ಲ, ಗಂಡು-ಹೆಣ್ಣು ಎಂಬ ಭೇದವಿಲ್ಲ. ಎಷ್ಟೋ ಸರ್ಕಾರಿ ಸುತ್ತೋಲೆಗಳಿಗಿಂತ ದೊಡ್ಡ ಮಾತು ಅದು. ಮುಂದಿನ ಸಲ ಆಸ್ಪತ್ರೆಯ ಕೌಂಟರಿನಲ್ಲಿ ಆ ಕಾರ್ಡಿನಲ್ಲಿರುವ ಹೆಸರೇ ನನ್ನ ಪರವಾಗಿ ಉತ್ತರ ಕೊಡಬಹುದು. ಆದರೆ ಆ ಹೆಸರು ಎಲ್ಲೆಲ್ಲಿ ಹಾದುಹೋಗುತ್ತದೆಂದು ಬೇರೆಯವರಿಗಿಂತ ಚೆನ್ನಾಗಿ ನನಗೆ ಗೊತ್ತಿದೆ: ನಮ್ಮ ಎಚ್ಆರ್ ವಿಭಾಗ, ವಿಮಾ ಕಂಪನಿ, ಅದರ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಇನ್ನೊಂದು ಸಂಸ್ಥೆ, ಆಸ್ಪತ್ರೆಯ ಗಣಕ. ನಾಲ್ಕೂ ಕಡೆ ನಕಲು ಉಳಿಯುತ್ತದೆ. ನನಗೆ ಅದರ ಭಯ ಕಡಿಮೆಯಾಗಿದೆ, ನಲವತ್ತಾರರಲ್ಲಿ ಮನುಷ್ಯ ಅಷ್ಟಕ್ಕೆಲ್ಲ ಹೆದರಲಾರ. ಹೆಸರು ಇರುವುದು ಅವರದು. ಖಾಸಗಿ ಆಡಳಿತ ಮಂಡಳಿಯ ಕಾಲೇಜಿನಲ್ಲಿ ಇನ್ನೂ ಹನ್ನೊಂದು ವರ್ಷ ಪಾಠ ಮಾಡಬೇಕಾದವರೂ ಅವರೇ. ನನ್ನ ಕದ ತೆರೆಯುವ ಹಕ್ಕು ನನ್ನದಾದರೆ, ಅವರದು ಅವರದೇ ಅಲ್ಲವೇ?

ಮೊನ್ನೆ ಭಾನುವಾರ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. "ನಮ್ಮ ಪ್ರಿನ್ಸಿಪಾಲರ ಮಗಳು ಅದ ಇನ್ಶೂರೆನ್ಸ್ ಕಂಪನ್ಯಾಗ ಅದಾಳ" ಎಂದರು. ತುಸು ಹೊತ್ತು ಬಿಟ್ಟು, "ಕೊನೀ ದಿನ ಯಾವಾಗ?" ಎಂದು ಕೇಳಿದರು. ಈ ತಿಂಗಳ 30 ಎಂದೆ. ಹುಟ್ಟಿದ ದಿನಾಂಕ, ರಕ್ತದ ಗುಂಪು ತುಂಬಿ ಅರ್ಜಿಯನ್ನು ಹಾಗೆಯೇ ಉಳಿಸಿಟ್ಟಿದ್ದೇನೆ.